ಯಾರೂ ಅಟ್ಟಿಸದ ಓಟ

ಕಾಪು ಪಡು
9 ಅಕ್ಟೋಬರ್ 1983

ಗಣಪನಿಗೆ,

ನಿನ್ನ ಪತ್ರ ಬಂತು. ಓದಿದೆ. ಕಣ್ಣಿಗೆ ಪೊರೆ ಬಂತೋ ಏನೋ ಎಂದು ಅಂಗಳಕ್ಕೆ ತಂದು ಬಿಸಿಲಿನಲ್ಲಿ ಇನ್ನೊಮ್ಮೆ ಓದಿದೆ. ಅಕ್ಷರ ಅದೇ ಇತ್ತು. "ಅಕ್ಕ, ನಾನು ಈಗ ದಿನಾಲೂ ಬೆಳಿಗ್ಗೆ ಎದ್ದು ಓಡುತ್ತೇನೆ" ಎಂದು ಬರೆದಿದ್ದೀ. ಎಲ್ಲಿಗೆ ಎಂದು ಹುಡುಕಿದೆ. ಎಲ್ಲಿಗೂ ಇಲ್ಲ. ಯಾರಾದರೂ ಅಟ್ಟಿಸಿಕೊಂಡು ಬರುತ್ತಾರಾ ಎಂದು ಹುಡುಕಿದೆ. ಅದೂ ಇಲ್ಲ. ಓಡುವುದು, ತಿರುಗಿ ಅದೇ ಜಾಗಕ್ಕೆ ಬರುವುದು, ಬೆವರು ಒರೆಸಿಕೊಳ್ಳುವುದು. ಇದಕ್ಕೆ ಬಹರೈನಿನವರೆಗೆ ಹೋಗಬೇಕಿತ್ತಾ ಮಾರಾಯ? ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ನಿನಗೆ ಕೆತ್ತಲು ಮಗನೂ ಇಲ್ಲ.

ಅಮ್ಮ ಸತ್ತಾಗ ನಿನಗೆ ಐದು ವರ್ಷ, ನನಗೆ ಇಪ್ಪತ್ತೊಂದು. ಆವತ್ತಿನಿಂದ ಓಡುತ್ತಿರುವವಳು ನಾನು. ದೋಣಿ ದಡಕ್ಕೆ ಬಂದ ಕೂಡಲೇ ಬುಟ್ಟಿಗೆ ಬೂತಾಯಿ ಮೀನು ತುಂಬಿಸಿ, ತಲೆಗೆ ಸಿಂಬೆ ಇಟ್ಟು, ಇನ್ನಂಜೆಯ ಗದ್ದೆಯ ಅಂಚಿನಲ್ಲಿ ಶಂಕರಪುರದವರೆಗೆ. ಅಲ್ಲಿ ರೋಸಿ ಬಾಯಿಯವರು ಮಲ್ಲಿಗೆ ಕಟ್ಟುತ್ತಾ ಜಗಲಿಯಲ್ಲಿ ಕುಳಿತು, "ಇವತ್ತು ತಡವಾಯ್ತಲ್ಲ ಪುಷ್ಪ, ಮೀನು ಮೆತ್ತಗಾಗಿದೆ" ಎಂದು ಮೂಗು ಮುರಿಯುತ್ತಾರೆ. ನಾವು ಮೀನಿನ ಹೆಂಗಸರು ಸೀರೆ ಎತ್ತಿ ಕಟ್ಟಿ ಓಡುವುದನ್ನು ಕಂಡರೆ ನೀನು ಶಾಲೆಗೆ ಬೇರೆ ದಾರಿ ಹಿಡಿಯುತ್ತಿದ್ದೆ, ನೆನಪುಂಟಾ? ಗೆಳೆಯರು ನೋಡುತ್ತಾರೆ ಎಂದು ನಾಚಿಕೆ. ಈಗ ಚಡ್ಡಿ ಹಾಕಿಕೊಂಡು ಅರಬರ ಊರಿನಲ್ಲಿ ಬರಿಗೈಯಲ್ಲಿ ಓಡುವವನಿಗೆ ನಾಚಿಕೆ ಇಲ್ಲ.

ಈಗ ಮುಖ್ಯ ವಿಷಯ. ಉಡುಪಿಯ ಸರಸಕ್ಕನ ಮಗಳು ರತ್ನಾವತಿಯ ಫೋಟೋ ಕಳುಹಿಸಿದ್ದೆ. ನೀನು "ಆಗಬಹುದು" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀ. ಗೆರೆ ಎಳೆದವನಿಗೆ ಎಷ್ಟು ಮನಸ್ಸಿದೆ ಎಂದು ನನಗೆ ತಿಳಿಯುತ್ತದೆ. ಹುಡುಗಿ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಿನಗೆ ಮೂವತ್ತಮೂರು ತುಂಬಿತು, ಇದು ಐದನೇ ಸಂಬಂಧ. ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ಹುಡುಗಿ ಹೊಸ್ತಿಲು ದಾಟುವುದಿಲ್ಲ. ಅವಳ ಮಾವ ದೂಮಪ್ಪಣ್ಣ ನಿನ್ನ ಆ ಬಹರೈನಿನಲ್ಲೇ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಅವನ ಕಣ್ಣಿಗೆ ಸ್ವಲ್ಪ ಮನುಷ್ಯನಂತೆ ಕಾಣು.

ಇಂತಿ,
ಪುಷ್ಪಾವತಿ

*

ಮನಾಮ, ಬಹರೈನ್
28 ಅಕ್ಟೋಬರ್ 1983

ಅಕ್ಕನಿಗೆ ಗಣಪನ ನಮಸ್ಕಾರ.

ನಿನ್ನ ಪತ್ರವನ್ನು ಕ್ಲಾರೆನ್ಸ್‌ಗೆ ಓದಿ ಹೇಳಿದೆ. ಅವನು ಕಾರ್ಕಳದವ, ನನ್ನ ಕೋಣೆಯವ. ಬಡಗಿಯ ಗಾದೆ ಬಂದಾಗ ಮಂಚದಿಂದ ಕೆಳಗೆ ಬಿದ್ದು ನಕ್ಕ. ನಿನ್ನ ಕಡೆಗೆ ಒಬ್ಬ ಸಿಕ್ಕಿದ ಎಂದು ಸಂತೋಷಪಡು.

ನಾನು ಯಾಕೆ ಓಡುತ್ತೇನೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಹತ್ತು ಗಂಟೆ ಕಂಬಳಿಯಂಥ ಕೋಟು ಹಾಕಿಕೊಂಡು ಪೆಟ್ಟಿಗೆ ಎತ್ತಿಡುವುದು. ಒಳಗಿರುವ ಮೀನನ್ನು ನೀನು ನೋಡಿದರೆ ಬೆಕ್ಕಿಗೂ ಹಾಕಲಿಕ್ಕಿಲ್ಲ, ಕಲ್ಲಿನ ಹಾಗಿದೆ, ಯಾವ ಸಮುದ್ರದ್ದೋ ಯಾವ ವರ್ಷದ್ದೋ. ಸಂಜೆ ಹೊರಗೆ ಬಂದಾಗ ಕಾಲು ನನ್ನದಲ್ಲ ಅನ್ನಿಸುತ್ತದೆ. ಒಂದು ದಿನ ಸುಮ್ಮನೆ ಓಡಿ ನೋಡಿದೆ. ಕಾಲು ವಾಪಸು ಬಂತು. ಅಷ್ಟೇ ಅಕ್ಕ.

ಕಷ್ಟ ಓಡುವುದರಲ್ಲಿ ಇಲ್ಲ, ಎಲ್ಲಿ ಓಡುವುದು ಎಂಬುದರಲ್ಲಿ ಉಂಟು. ಮೊದಲು ನಾವಿರುವ ಕ್ಯಾಂಪಿನ ಗೋಡೆಯ ಸುತ್ತ ಓಡಿದೆ. ಹದಿನಾಲ್ಕು ಸುತ್ತಿಗೆ ಎರಡು ಮೈಲು. ಕೋಣೆ ಕೋಣೆಯಿಂದ ತಲೆ ಹೊರಗೆ ಹಾಕಿ, "ಗಾಣದ ಎತ್ತು ಬಂತು" ಎಂದು ಕೂಗಿದರು. ಇಸ್ಪೀಟು ಆಡಿ ಆಡಿ ಬೆನ್ನು ಬಾಗಿದ ಮಹಾಪುರುಷರು. ಆಮೇಲೆ ಸಮುದ್ರದ ಬದಿಯ ರಸ್ತೆಗೆ ಹೋದೆ. ಪೊಲೀಸರ ಜೀಪು ನಿಂತಿತು. ಏನು ಕದ್ದೆ ಎಂದು ಕೇಳಿದರು. ಏನೂ ಇಲ್ಲ ಎಂದು ಕೈ ತೋರಿಸಿದೆ. ಹಾಗಾದರೆ ಯಾಕೆ ಓಡುತ್ತೀ ಎಂದರು. ಅದಕ್ಕೆ ಅರಬಿಯಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ, ಎರಡು ಗಂಟೆ ಠಾಣೆಯಲ್ಲಿ ಕುಳ್ಳಿರಿಸಿದರು. ಸಾಹೇಬರ ಕಾಲೊನಿಯಲ್ಲಿ ಹುಲ್ಲಿನ ಮೈದಾನ ಉಂಟು, ಬಿಳಿಯರು ಬಣ್ಣಬಣ್ಣದ ಬೂಟು ಹಾಕಿ ಅಲ್ಲಿ ಓಡುತ್ತಾರೆ. ಗೇಟಿನವ ನನ್ನ ಕ್ಯಾನ್‌ವಾಸ್ ಶೂ ನೋಡಿದ, ಮುಖ ನೋಡಿದ, ಗೇಟು ಹಾಕಿದ. ಅವನೂ ನಮ್ಮ ದೇಶದವನೇ.

ಕೊನೆಗೆ ಸಿಕ್ಕಿತು. ಬಂದರಿನ ಹಿಂದೆ ಸಮುದ್ರದ ಹೂಳು ತೆಗೆದು ತುಂಬಿಸಿದ ಜಾಗ. ಮೈಲುಗಟ್ಟಲೆ ಸಮತಟ್ಟು, ಗಟ್ಟಿ ಮರಳು. ಕಡಲಹಕ್ಕಿ ಮತ್ತು ನಾಯಿ ಬಿಟ್ಟರೆ ಯಾರೂ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಅಲ್ಲಿರುತ್ತೇನೆ.

ದೂಮಪ್ಪಣ್ಣನನ್ನು ಇನ್ನೂ ಕಂಡಿಲ್ಲ. ಫೋಟೋ ಪೆಟ್ಟಿಗೆಯಲ್ಲಿ ಜೋಪಾನವಾಗಿದೆ.

ನಿನ್ನ ತಮ್ಮ,
ಗಣಪ

*

ಕಾಪು ಪಡು
17 ನವೆಂಬರ್ 1983

ಗಣಪನಿಗೆ,

ನೀನು ದೂಮಪ್ಪಣ್ಣನನ್ನು ಕಾಣಲಿಲ್ಲ. ಅವನು ನಿನ್ನನ್ನು ಕಂಡಿದ್ದಾನೆ. ಬಂದರಿನ ಕಡೆ ಟ್ಯಾಂಕರಿಗೆ ನೀರು ತುಂಬಿಸಲು ಬೆಳಿಗ್ಗೆ ಹೋಗುತ್ತಾನಂತೆ. ಚಡ್ಡಿ ಹಾಕಿದ ಒಬ್ಬ ಬೆವರು ಸುರಿಸುತ್ತಾ ನಾಯಿಗಳ ನಡುವೆ ಓಡುವುದನ್ನು ಮೂರು ದಿನ ನೋಡಿದನಂತೆ. ಯಾರೆಂದು ವಿಚಾರಿಸಿದರೆ ಕಾಪುವಿನ ಗಣಪ. ಕೂಡಲೇ ತಂಗಿ ಸರಸಕ್ಕನಿಗೆ ಪತ್ರ ಬರೆದ: ಹುಡುಗನಿಗೆ ಸಕ್ಕರೆ ಕಾಯಿಲೆ ಉಂಟು, ಇಲ್ಲದಿದ್ದರೆ ಎದೆಯದ್ದು. ಡಾಕ್ಟರು ಹೇಳದೆ ಈ ವಯಸ್ಸಿನಲ್ಲಿ ಯಾರು ಓಡುತ್ತಾರೆ?

ಸರಸಕ್ಕ ಮೊನ್ನೆ ಬಂದಳು. ಚಹಾ ಕೊಟ್ಟೆ, ಮುಟ್ಟಲಿಲ್ಲ. "ಪುಷ್ಪಕ್ಕ, ನಮ್ಮದು ಒಂದೇ ಹೆಣ್ಣು. ಕಾಯಿಲೆಯವನಿಗೆ ಕೊಡ್ಲಿಕ್ಕೆ ಆಗುದಿಲ್ಲ, ಬೇಜಾರು ಮಾಡ್ಬೇಡಿ" ಅಂದಳು. ಅವಳ ಅಣ್ಣ ಟ್ಯಾಂಕರಿನ ಕಿಟಕಿಯಿಂದಲೇ ಸಕ್ಕರೆ ಪರೀಕ್ಷೆ ಮಾಡುತ್ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇಂಥವರ ಎದುರು ನಿನ್ನ ಕೋಲ್ಡ್ ಸ್ಟೋರೇಜು, ಕಾಲು ವಾಪಸು ಬಂದದ್ದು, ಇದೆಲ್ಲ ಹೇಳಲಿಕ್ಕೆ ಆಗುತ್ತದಾ? ನನಗೇ ಅರ್ಥವಾಗದ್ದು ಅವಳಿಗೆ ಆಗುತ್ತದಾ?

ನನ್ನ ನಾಲಿಗೆ ನನ್ನನ್ನು ಕೇಳದೆ ಹೊರಟಿತು. "ಕಾಯಿಲೆ ಅಲ್ಲ ಸರಸಕ್ಕ, ಹರಕೆ" ಅಂದೆ. ನಮ್ಮ ಮನೆಯ ದೈವಕ್ಕೆ ಹೇಳಿಕೊಂಡಿದ್ದಾನೆ, ಒಳ್ಳೆಯ ಸಂಬಂಧ ಕೂಡಿಬರಲಿ, ಸೂರ್ಯ ಮೂಡುವ ಮೊದಲು ನಲವತ್ತೆಂಟು ದಿನ ಓಡುತ್ತೇನೆ ಎಂದು. ಅವಳು ಹುಬ್ಬು ಏರಿಸಿದಳು. ಓಡುವ ಹರಕೆಯನ್ನು ಎಲ್ಲಿಯೂ ಕೇಳಿಲ್ಲ ಅಂದಳು. "ದೇವರಿಗೆ ಉರುಳಬಹುದಾದರೆ ಓಡಬಾರದಾ?" ಎಂದು ಕೇಳಿದೆ. ತಣಿದ ಚಹಾ ಕುಡಿದಳು. ಹೋಗುವಾಗ ನಿನ್ನ ಭಕ್ತಿಯನ್ನು ಹೊಗಳಿದಳು.

ಈಗ ಕಿವಿ ಕೊಟ್ಟು ಕೇಳು. ದೂಮಪ್ಪಣ್ಣ ಸಿಕ್ಕಿದರೆ ಹರಕೆ ಎಂದೇ ಹೇಳು. ನಲವತ್ತೆಂಟು ದಿನ. ಮುಖ ಗಂಭೀರ ಇಟ್ಟುಕೋ. ಸುಳ್ಳು ಹೇಳಲಿಕ್ಕೆ ಬಾರದಿದ್ದರೆ ಬಾಯಿ ಮುಚ್ಚಿಕೊಂಡು ಆಕಾಶ ನೋಡು, ಉಳಿದದ್ದು ಅವನೇ ತಿಳಿದುಕೊಳ್ಳುತ್ತಾನೆ.

ಪುಷ್ಪಾವತಿ

*

ಮನಾಮ
19 ನವೆಂಬರ್ 1983

ಅಕ್ಕ,

ನಿನ್ನ ಪತ್ರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಸಂತೋಷದ ವಿಷಯ. ನಿನ್ನೆ ದೂಮಪ್ಪಣ್ಣ ಸಿಕ್ಕಿದರು. ನಾನು ಓಡುತ್ತಿದ್ದಾಗ ಟ್ಯಾಂಕರ್ ನಿಲ್ಲಿಸಿ ಕೆಳಗೆ ಇಳಿದರು. ದೊಡ್ಡ ಮೀಸೆ, ಸಣ್ಣ ಕಣ್ಣು. ತನಿಖೆ ಶುರು ಮಾಡಿದರು. "ಡಾಕ್ಟರು ಹೇಳಿದ್ದಾ?" ಇಲ್ಲ ಅಂದೆ. ಮೀಸೆ ತಿರುವಿ, "ಹಾಗಾದ್ರೆ ಎಂತ, ಹರಕೆಯಾ?" ಅಂದರು. ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಅವರ ಲೋಕದಲ್ಲಿ ಮನುಷ್ಯ ಓಡಬೇಕಾದರೆ ಎರಡೇ ಕಾರಣ, ಒಂದೋ ಕಾಯಿಲೆ ಒಂದೋ ದೈವ. "ನಾನು ಓಡುವುದನ್ನು ಲೆಕ್ಕ ಹಾಕುತ್ತಾ ಕೂರಲಿಕ್ಕೆ ದೈವಕ್ಕೆ ಬೇರೆ ಕೆಲಸ ಇಲ್ಲವಾ ದೂಮಪ್ಪಣ್ಣ? ನನಗೆ ಖುಷಿಯಾಗುತ್ತದೆ, ಓಡುತ್ತೇನೆ" ಎಂದೆ.

ಅವರು ಸೀದಾ ಟ್ಯಾಂಕರ್ ಹತ್ತಿದರು. ನೇರವಾಗಿ ಮಾತನಾಡುವ ಹುಡುಗ ಎಂದು ಮೆಚ್ಚಿಕೊಂಡಿರಬೇಕು. ಮನೆಯಲ್ಲಿ ನಿನ್ನ ಹತ್ತಿರ ಬೆಳೆದವನಿಗೆ ಸುಳ್ಳು ಬರುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ದಿನ ಇಟ್ಟ ಕೂಡಲೇ ತಿಳಿಸು, ರಜೆಗೆ ಅರ್ಜಿ ಹಾಕಬೇಕು.

ಗಣಪ

*

ಕಾಪು ಪಡು
12 ಡಿಸೆಂಬರ್ 1983

ಗಣಪನಿಗೆ,

ಪತ್ರ ತಲುಪಿತು. ರಜೆಗೆ ಈಗಲೇ ಅರ್ಜಿ ಹಾಕಬೇಡ. ದೂಮಪ್ಪಣ್ಣನ ಹತ್ತಿರ ಇನ್ನು ಏನೂ ಮಾತನಾಡಬೇಡ, ನೀನು ಮಾತನಾಡಿದ್ದು ಧಾರಾಳ ಆಯಿತು.

ಒಂದು ಕೇಳಬೇಕಿತ್ತು. ಓಡುವಾಗ ನಿನಗೆ ಬಲಪಕ್ಕೆ ಹಿಡಿಯುತ್ತದಾ, ಚೂರಿ ಹಾಕಿದ ಹಾಗೆ? ಹಿಡಿದರೆ ಎಂತ ಮಾಡುತ್ತೀ? ನಿಲ್ಲಬೇಕಾ ಅಥವಾ ಓಡುತ್ತಲೇ ಇದ್ದರೆ ಬಿಡುತ್ತದಾ? ಮರಳು ಒದ್ದೆ ಇರುವ ಕಡೆ ಒಳ್ಳೆಯದಾ, ಒಣಗಿದ ಕಡೆಯಾ? ಮೊದಲ ವಾರ ಮೀನಖಂಡ ಕಲ್ಲಾಗುತ್ತದಲ್ಲ, ಅದು ಎಷ್ಟು ದಿನಕ್ಕೆ ಇಳಿಯುತ್ತದೆ?

ಸುಮ್ಮನೆ ಕೇಳಿದ್ದು. ದೊಡ್ಡ ಪಂಡಿತನಲ್ಲವಾ ನೀನು.

ಪುಷ್ಪಾವತಿ

*

ಮನಾಮ
24 ಡಿಸೆಂಬರ್ 1983

ಅಕ್ಕ,

ನಗಬೇಕು ಅನ್ನಿಸಿದರೆ ನೇರವಾಗಿ ನಗು. ಪಕ್ಕೆ ಹಿಡಿಯುತ್ತದಾ, ಮೀನಖಂಡ ಕಲ್ಲಾಗುತ್ತದಾ ಎಂದು ವ್ಯಂಗ್ಯ ಮಾಡುವುದಕ್ಕೆ ಒಂದು ಏರ್‌ಲೆಟರ್ ಖರ್ಚು ಮಾಡಬೇಕಿತ್ತಾ?

ನಿನ್ನ ಹರಕೆಯ ಪತ್ರ ನಾನು ದೂಮಪ್ಪಣ್ಣನಿಗೆ ಉತ್ತರ ಕೊಟ್ಟು ಹನ್ನೆರಡು ದಿನ ಕಳೆದ ಮೇಲೆ ಕೈಗೆ ಬಂತು. ಓದಿ ಬೆವರಿದೆ. ಮೊನ್ನೆ ಅವರು ಪೇಟೆಯಲ್ಲಿ ಎದುರಾದರು. ಕ್ಲಾರೆನ್ಸ್ ನಮಸ್ಕಾರ ಹೇಳಿದ, ಅವನಿಗೆ ತಲೆ ಆಡಿಸಿದರು. ನನ್ನನ್ನು ನೋಡಿ ರಸ್ತೆಯ ಆಚೆ ಬದಿಗೆ ದಾಟಿದರು. ದೈವದ ಹೆಸರಿನಲ್ಲಿ ಸುಳ್ಳು ಹೇಳುವ ಮನೆ ಎಂದು ಕ್ಯಾಂಪಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿದೆ. ಸಕ್ಕರೆ ಕಾಯಿಲೆ ಎಂದೇ ಇದ್ದಿದ್ದರೆ ಮಣಿಪಾಲದಲ್ಲಿ ಒಂದು ಪರೀಕ್ಷೆ ಮಾಡಿಸಿ ಚೀಟಿ ತೋರಿಸಬಹುದಿತ್ತು. ಈ ಸುಳ್ಳಿಗೆ ಯಾವ ಡಾಕ್ಟರು ಚೀಟಿ ಕೊಡುತ್ತಾನೆ? ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಹರಕೆ ಹೊತ್ತವಳು ನೀನು. ನನ್ನ ಮದುವೆಯನ್ನು ನನ್ನ ಓಟ ಕೆಡಿಸಲಿಲ್ಲ ಅಕ್ಕ, ನಿನ್ನ ಬಾಯಿ ಕೆಡಿಸಿತು.

ಕೇಳಿದ್ದಕ್ಕೆ ಉತ್ತರ: ಪಕ್ಕೆ ಹಿಡಿದರೆ ನಿಲ್ಲಬೇಡ, ನಿಧಾನ ಮಾಡಿ ಬಾಯಿಯಿಂದ ಉಸಿರು ಪೂರ್ತಿ ಹೊರಗೆ ಬಿಡಬೇಕು. ತೆರೆ ಬಂದು ಹೋದ ಗೆರೆಯ ಮೇಲೆ ಮರಳು ಗಟ್ಟಿ. ಮೀನಖಂಡ ಒಂಬತ್ತನೇ ದಿನಕ್ಕೆ ಇಳಿಯುತ್ತದೆ, ಬಿಸಿನೀರು ಹಾಕಿದರೆ. ಬೇಕಾದಷ್ಟು ನಗು.

ಗಣಪ

*

ಕಾಪು ಪಡು
8 ಜನವರಿ 1984

ಗಣಪನಿಗೆ,

ಒಂಬತ್ತನೇ ದಿನಕ್ಕೆ ಅಲ್ಲ, ಹನ್ನೊಂದನೇ ದಿನಕ್ಕೆ ಇಳಿಯಿತು. ನನಗೆ ನಲವತ್ತೊಂಬತ್ತು ವರ್ಷ, ನಿನ್ನ ಲೆಕ್ಕ ನನಗೆ ನಡೆಯುವುದಿಲ್ಲ.

ಹೇಳಬಾರದು ಅಂದುಕೊಂಡಿದ್ದೆ. ನಿನ್ನ ಪತ್ರ ಓದಿದ ಮೇಲೆ ಹೇಳುತ್ತೇನೆ, ಕೇಳು. ದೂಮಪ್ಪಣ್ಣನ ಎರಡನೇ ಪತ್ರ ಹಿಡಿದುಕೊಂಡು ಸರಸಕ್ಕ ನಮ್ಮ ಮನೆಗೆ ಬರಲಿಲ್ಲ, ಸೀದಾ ಗುರಿಕಾರರ ಮನೆಗೆ ಹೋದಳು. ನಮ್ಮವರ ನ್ಯಾಯ ಹೇಳುವವರು ಅವರೇ ಅಲ್ಲವಾ. ಹತ್ತು ಜನರ ಎದುರು ನನ್ನನ್ನು ಕರೆಸಿ, ನೀನು "ದೈವಕ್ಕೆ ಬೇರೆ ಕೆಲಸ ಇಲ್ಲವಾ" ಅಂದದ್ದನ್ನು ಗಟ್ಟಿಯಾಗಿ ಓದಿಸಿದಳು. ನಿನ್ನ ನೇರ ಮಾತನ್ನು ಅಲ್ಲಿ ಯಾರೂ ಮೆಚ್ಚಿಕೊಳ್ಳಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಇಪ್ಪತ್ತೆಂಟು ವರ್ಷದಲ್ಲಿ ಮೀನಿನ ತೂಕದಲ್ಲಿಯೂ ಯಾರಿಗೂ ಸುಳ್ಳು ಹೇಳಿದವಳಲ್ಲ ನಾನು.

ಗುರಿಕಾರರು ಬಾಯಿಯ ಎಲೆ ಉಗಿದರು. ಆಮೇಲೆ, "ಪುಷ್ಪ, ಹರಕೆ ಹೇಳಿದ ನಾಲಿಗೆ ನಿನ್ನದು. ಕಾಲೂ ನಿನ್ನದೇ ಆಗ್ಲಿ. ನಲವತ್ತೆಂಟು ದಿನ, ಸೂರ್ಯ ಮೂಡುವ ಮೊದ್ಲು, ಬರಿಗಾಲಲ್ಲಿ ಓಡಿ ದೈವದ ಗುಡಿಯ ಎದುರು ಬಂದು ನಿಲ್ಬೇಕು. ಮುಗಿದ್ರೆ ಹೇಳಿದ ಮಾತು ಸುಳ್ಳಲ್ಲ, ಮಾಡಿದ ಹರಕೆ" ಅಂದರು. ಸರಸಕ್ಕ, "ಮುಗಿಸಿದ್ರೆ ಸಂಬಂಧದ ಮಾತು ಆಡುವ. ನಡುವೆ ಒಂದು ದಿನ ತಪ್ಪಿದ್ರೆ ಅಲ್ಲಿಗೇ ಬಿಟ್ಟೆವು" ಅಂದಳು. ನಲವತ್ತೊಂಬತ್ತು ವರ್ಷದ ಹೆಂಗಸು ಎರಡನೇ ದಿನವೇ ಹಾಸಿಗೆ ಹಿಡಿಯುತ್ತಾಳೆ ಎಂದು ಅವಳ ಎಣಿಕೆ. ನನಗೆ ಅವಳ ಮುಖ ನೋಡಿಯೇ ಛಲ ಬಂತು. ಡಿಸೆಂಬರ್ ಹತ್ತಕ್ಕೆ ಶುರು ಮಾಡಿದೆ. ಇವತ್ತಿಗೆ ಮೂವತ್ತು ದಿನ.

ಎಲ್ಲಿ ಓಡುವುದು ಎಂದು ನೀನು ಉದ್ದುದ್ದ ಬರೆದಾಗ ಹೆಚ್ಚುಗಾರಿಕೆ ಅಂದುಕೊಂಡಿದ್ದೆ. ಮೊದಲ ದಿನ ಕಡಲ ಬದಿಯಲ್ಲಿ ಓಡಿದೆ. ಬಲೆ ಎಳೆಯುತ್ತಿದ್ದವರು ನನ್ನನ್ನು ಕಂಡು ಹಗ್ಗ ಬಿಟ್ಟು, "ಯಾರು ಮುಳುಗಿದ್ದು ಪುಷ್ಪಕ್ಕ? ಯಾರು?" ಎಂದು ಕೂಗುತ್ತಾ ಹಿಂದೆಯೇ ಓಡಿ ಬಂದರು. ಬುಟ್ಟಿ ಇಲ್ಲದ ಹೆಂಗಸು ಕಡಲ ಬದಿ ಓಡಿದರೆ ಇನ್ನೇನು ತಿಳಿದುಕೊಳ್ಳುತ್ತಾರೆ? ನಾನು ನಿಲ್ಲಲಿಲ್ಲ, ಅವರೂ ನಿಲ್ಲಲಿಲ್ಲ. ಗುಡಿಯ ಎದುರು ಏಳು ಗಂಡಸರನ್ನು ಕಟ್ಟಿಕೊಂಡು ಮುಟ್ಟಿದೆ. ಬಲೆಯ ಮೀನೆಲ್ಲ ತಪ್ಪಿಸಿಕೊಂಡಿತು, ಅದಕ್ಕೂ ಬೈಸಿಕೊಂಡೆ.

ಮರುದಿನ ಇನ್ನಂಜೆ ರಸ್ತೆ. ಮೊದಲ ಬಸ್ಸಿನವ ನಾನು ಬಸ್ಸಿಗೆ ಓಡುವುದು ಎಂದು ನಿಲ್ಲಿಸಿ ಕಾದ. ನಾನು ಪಕ್ಕದಿಂದ ದಾಟಿ ಹೋದೆ. ಅವನು ಮುಂದೆ ಬಂದು ಪುನಃ ನಿಲ್ಲಿಸಿದ. ಮೂರನೇ ಸಲ ಕಂಡಕ್ಟರ್ ಬಾಗಿಲಿನಲ್ಲಿ ನೇತಾಡುತ್ತಾ, "ಹತ್ತುದಾದ್ರೆ ಹತ್ತಿ ಅಕ್ಕ, ತಮಾಷೆ ಮಾಡ್ಬೇಡಿ" ಎಂದು ಗದರಿಸಿದ. ಶಾಲೆಯ ಮೈದಾನಕ್ಕೆ ಹೋದರೆ ಕಾವಲಿನವನ ಹೆಂಡತಿ ಝೀಟಾ ಬಾಯಿ, ನನಗೆ ಮೈಮೇಲೆ ಬಂದಿದೆ ಎಂದು ಹೆದರಿ ಶಿಲುಬೆಯ ಗುರುತು ಹಾಕಿಕೊಂಡಳು.

ಈಗ ಜಾಗ ಸಿಕ್ಕಿದೆ. ದೀಪಸ್ತಂಭದ ಆಚೆ ಒಣಮೀನು ಹರಡುವ ಬಯಲು. ನಾತಕ್ಕೆ ಹೆದರಿ ಬೆಳಿಗ್ಗೆ ಅಲ್ಲಿ ಯಾರೂ ಬರುವುದಿಲ್ಲ. ನನಗೆ ನಾತ ಇಲ್ಲ, ಅದು ನಮ್ಮ ಅನ್ನ.

ಇನ್ನೊಂದು ಹೇಳುತ್ತೇನೆ, ಆ ಕಾರ್ಕಳದವನಿಗೆ ಓದಿ ಹೇಳಬೇಡ. ಐದನೇ ದಿನ ಓಡುತ್ತಿರುವಾಗ ಬಲಗೈ ತಾನಾಗಿ ಮೇಲೆ ಹೋಯಿತು. ತಲೆಯ ಮೇಲಿನ ಬುಟ್ಟಿ ಹಿಡಿಯಲು. ಬುಟ್ಟಿ ಇರಲಿಲ್ಲ. ಇಷ್ಟು ವರ್ಷ ಓಡಿದ್ದೇನೆ, ತಲೆಯ ಮೇಲೆ ಏನೂ ಇಲ್ಲದೆ ಒಂದು ದಿನ ಓಡಿರಲಿಲ್ಲ. ಅಲ್ಲಿಯೇ ಕುಳಿತು ಅತ್ತೆ. ದುಃಖಕ್ಕೆ ಅಲ್ಲ. ಯಾಕೆ ಎಂದು ನನಗೂ ಗೊತ್ತಿಲ್ಲ, ಸೂರ್ಯ ಮೂಡುತ್ತಾನೆ ಎಂದು ಎದ್ದು ಓಡಿದೆ.

ನನ್ನ ಬಾಯಿ ಮದುವೆ ಕೆಡಿಸಿತು ಎಂದು ಬರೆದಿದ್ದೀ. ನಿಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಲಿನಿಂದ ಸರಿಮಾಡುತ್ತೇನೆ. ಇನ್ನು ಹದಿನೆಂಟು ದಿನ ಉಂಟು.

ಪುಷ್ಪಾವತಿ

*

ಮನಾಮ
22 ಜನವರಿ 1984

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರವನ್ನು ಕೋಲ್ಡ್ ಸ್ಟೋರೇಜಿನ ಒಳಗೆ, ಕೋಟಿನ ಮರೆಯಲ್ಲಿ ಓದಿದೆ. ಯಾರಿಗೂ ಓದಿ ಹೇಳಲಿಲ್ಲ. ನಾನು ನಿನಗೆ ಬರೆದ ಮಾತುಗಳಿಗೆ ಕ್ಷಮೆ ಕೇಳುವ ಮುಖ ನನಗಿಲ್ಲ. ಶಾಲೆಗೆ ಹೋಗುವಾಗ ಬೇರೆ ದಾರಿ ಹಿಡಿಯುತ್ತಿದ್ದದ್ದೂ ನಿಜ. ನಿನಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ನಿನ್ನೆ ದೂಮಪ್ಪಣ್ಣನ ಕೋಣೆಗೆ ಹೋದೆ. ಕಾಲು ಹಿಡಿಯಲಿಲ್ಲ, ಉಳಿದದ್ದೆಲ್ಲ ಮಾಡಿದೆ. ತಪ್ಪಾಯಿತು, ಇನ್ನು ಜನ್ಮದಲ್ಲಿ ಓಡುವುದಿಲ್ಲ ಎಂದು ಅವರ ಎದುರು ಮಾತು ಕೊಟ್ಟೆ. ಅವರ ಮೀಸೆ ಸ್ವಲ್ಪ ಸಡಿಲವಾಯಿತು. ತಂಗಿಗೆ ಬರೆಯುತ್ತೇನೆ ಅಂದರು. ಶೂ ಕ್ಲಾರೆನ್ಸ್‌ಗೆ ಕೊಟ್ಟುಬಿಟ್ಟೆ, ಅವನು ಕಕ್ಕಸಿಗೆ ಹೋಗುವಾಗ ಹಾಕಿಕೊಳ್ಳುತ್ತಾನೆ.

ನನ್ನ ಒಂದು ಗಂಟೆಯ ಖುಷಿಗೆ ನಿನ್ನ ಕಾಲು ಸವೆಯುವುದು ಬೇಡ ಅಕ್ಕ. ರತ್ನಾವತಿಯಂಥ ಹುಡುಗಿ ನನಗೆ ಬೇರೆ ಸಿಗುವುದಿಲ್ಲ. ಓಟ ಹೋದರೆ ಹೋಗಲಿ.

ನಿನ್ನ
ಗಣಪ

*

ಕಾಪು ಪಡು
6 ಫೆಬ್ರವರಿ 1984

ಮೂರ್ಖನಿಗೆ,

ನಿನ್ನ ಪತ್ರ ಒಲೆಗೆ ಹಾಕಿದೆ. ಶೂ ಕೊಟ್ಟದ್ದಂತೆ, ಜನ್ಮದಲ್ಲಿ ಓಡುವುದಿಲ್ಲವಂತೆ! ಯಾರು ಕೇಳಿದ್ದು ನಿನ್ನ ತ್ಯಾಗ? ನಾನು ಜನವರಿ ಇಪ್ಪತ್ತಾರಕ್ಕೆ ನಲವತ್ತೆಂಟನೇ ದಿನ ಮುಗಿಸಿದೆ. ಬಾವುಟ ಹಿಡಿದ ಶಾಲೆಯ ಮಕ್ಕಳು ಬೇಗ ಬಂದವರು ಗುಡಿಯ ಎದುರು ಸಾಲಾಗಿ ನಿಂತು ಚಪ್ಪಾಳೆ ಹೊಡೆದರು. ಗುರಿಕಾರರು ಪ್ರಸಾದ ಕೊಟ್ಟು, "ಮಾತು ತೀರಿತು ಪುಷ್ಪ" ಅಂದರು. ಎಡಗಾಲಿನ ಹೆಬ್ಬೆರಳಿನ ಉಗುರು ಹೋಗಿದೆ. ಅದು ಇಷ್ಟು ಸುಲಭದಲ್ಲಿ ಓಟ ಬಿಡುವ ಒಬ್ಬ ಹೇಡಿಗಾಗಿ ಹೋದದ್ದು ಎಂದು ಗೊತ್ತಿದ್ದರೆ ಮನೆಯಲ್ಲಿ ಮಲಗುತ್ತಿದ್ದೆ.

ನಿನ್ನೆ ಭಾನುವಾರ ಸರಸಕ್ಕ ಬಂದಳು, ಮಗಳನ್ನೂ ಕರೆದುಕೊಂಡು. ಕೈಯಲ್ಲಿ ಹಣ್ಣು, ಮಲ್ಲಿಗೆ, ದೂಮಪ್ಪಣ್ಣನ ಪತ್ರ. ಮುಖ ಹಿಗ್ಗಿ ಅರಳಿತ್ತು. ಈ ಸಲ ಚಹಾವನ್ನು ಬಿಸಿ ಇರುವಾಗಲೇ ಕುಡಿದಳು. "ಹರಕೆಯೂ ಮುಗಿಯಿತು, ಹುಡುಗನೂ ಇನ್ನು ಓಡುದಿಲ್ಲ ಅಂತ ಮಾತು ಕೊಟ್ಟ. ಕಾಯಿಲೆ ಇಲ್ಲದವ, ಹರಕೆ ಇಲ್ಲದವ ಬೀದಿಯಲ್ಲಿ ಚಡ್ಡಿ ಹಾಕಿ ಓಡುದು ಮರ್ಯಾದಸ್ಥರ ಲಕ್ಷಣ ಅಲ್ಲ ಅಲ್ವಾ ಪುಷ್ಪಕ್ಕ? ಮೇ ತಿಂಗಳಲ್ಲಿ ದಿನ ನೋಡುವ" ಅಂದಳು.

ಇದಕ್ಕೇ ನಾನು ಮೂರು ತಿಂಗಳು ಕಾದದ್ದು. ಹೂಂ ಅನ್ನಬೇಕು, ಅಷ್ಟೇ. ಅನ್ನಲಿಕ್ಕೆ ಬಾಯಿಯೂ ತೆರೆದೆ. ಆದರೆ ಆ ಹೆಂಗಸಿನ ಮುಖ ನೋಡಬೇಕಿತ್ತು ನೀನು, ಹುಳ ಬಿದ್ದ ಬಂಗುಡೆಯನ್ನು ಪಕ್ಕಕ್ಕೆ ಇಟ್ಟವಳ ಹಾಗೆ ನಿನ್ನ ಓಟವನ್ನು ಪಕ್ಕಕ್ಕೆ ಇಟ್ಟಿದ್ದಳು. ನನಗೆ ಮೈ ಉರಿಯಿತು. "ಅವನು ಓಡುತ್ತಾನೆ ಸರಸಕ್ಕ" ಅಂದೆ. "ಸಕ್ಕರೆ ಇಲ್ಲ, ಎದೆ ಗಟ್ಟಿ ಉಂಟು, ಹರಕೆಯೂ ಇಲ್ಲ. ಸುಮ್ಮನೆ ಓಡುತ್ತಾನೆ. ಅವನ ಕಾಲು, ಅವನ ಬೆವರು. ನಲವತ್ತೆಂಟು ದಿನ ಓಡಿ ನೋಡಿದವಳು ನಾನು, ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹೀಗೇ ಬೇಕಾದ್ರೆ ಹುಡುಗಿ ಕೊಡಿ. ಬೇಡ ಅಂದ್ರೆ ಉಡುಪಿಗೆ ನಾಲ್ಕೂವರೆಗೆ ಬಸ್ ಉಂಟು."

ಪುನಃ ನನ್ನ ಬಾಯಿ ನಿನ್ನ ಮದುವೆ ಮುರಿಯಿತು ಅಂದುಕೊಂಡೆ. ಸರಸಕ್ಕ ಹಣ್ಣಿನ ಚೀಲ ಕೈಗೆ ಎತ್ತಿಕೊಂಡು ಎದ್ದು ನಿಂತಳು. ಮಗಳು ಏಳಲಿಲ್ಲ.

"ಅಮ್ಮ, ಕೂತ್ಕೊಳ್ಳಿ" ಅಂದಳು ರತ್ನಾವತಿ. ಅವಳ ಸ್ವರ ನಾನು ಕೇಳಿದ್ದು ನಿನ್ನೆಯೇ ಮೊದಲು. "ಮಣಿಪಾಲದಲ್ಲಿ ನಮ್ಮ ಆಫೀಸಿನ ಎದುರೇ ಮೈದಾನ ಉಂಟು. ಮಲೇಶಿಯಾದಿಂದ ಡಾಕ್ಟರ್ ಆಗ್ಲಿಕ್ಕೆ ಬಂದ ಹುಡುಗರು ದಿನಾ ಓಡ್ತಾರೆ, ಹುಡುಗಿಯರೂ ಓಡ್ತಾರೆ. ಯಾರಿಗೂ ಕಾಯಿಲೆ ಇಲ್ಲ. ಎರಡು ವರ್ಷದಿಂದ ನೋಡ್ತಾ ಇದ್ದೇನೆ."

ಸರಸಕ್ಕ ಹಣ್ಣಿನ ಚೀಲ ಹಿಡಿದುಕೊಂಡೇ ಕುಳಿತಳು. ನನಗೆ ಸಿಟ್ಟು ನೆತ್ತಿಗೇರಿತು. ಉಗುರು ಹೋದ ಕಾಲನ್ನು ಮಗಳ ಎದುರು ಚಾಚಿ, "ಇಷ್ಟು ಗೊತ್ತಿದ್ದವಳು ಇಷ್ಟು ದಿನ ಬಾಯಲ್ಲಿ ಎಂತ ಹಾಕ್ಕೊಂಡಿದ್ದಿ ಮಾರಾಯ್ತಿ? ನವೆಂಬರಿನಲ್ಲಿ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದು ಕೂಗಿದೆ.

ಅವಳು ನನ್ನ ಕಾಲು ನೋಡಿದಳು. ಕಣ್ಣು ತುಂಬಿತ್ತು, ಸ್ವರ ಮಾತ್ರ ನೆಟ್ಟಗೆ ಇತ್ತು. "ನನ್ನನ್ನು ಯಾರು ಕೇಳಿದ್ದಾರೆ ಅಕ್ಕ?" ಅಂದಳು.

ಗಣಪ, ನನಗೆ ಇಪ್ಪತ್ತೆರಡು ಆದಾಗ ಪೆರ್ಡೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನಿನಗೆ ಗೊತ್ತಿಲ್ಲ. ಸಣ್ಣ ತಮ್ಮನನ್ನು ಬಿಟ್ಟು ಅವಳು ಬರುವುದಿಲ್ಲ ಎಂದು ಹಿರಿಯರು ಹೊರಗಿನಿಂದ ಹೊರಗೆ ಹೇಳಿ ಕಳುಹಿಸಿದರು. ನಾನು ಆಗ ಒಳಗೆ ಅಕ್ಕಿ ಆರಿಸುತ್ತಿದ್ದೆ. ಹೋಗುತ್ತಿದ್ದೆನೋ ಇಲ್ಲವೋ, ಈಗ ಹೇಳಲಿಕ್ಕೆ ನನಗೂ ಬಾರದು. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಐದು ಸಂಬಂಧ ನೋಡಿದೆನಲ್ಲ ನಿನಗೆ, ಐದರಲ್ಲಿ ಒಬ್ಬ ಹುಡುಗಿಯನ್ನೂ ನಾನು ಕೇಳಿರಲಿಲ್ಲ. ತಾಯಿಯ ಹತ್ತಿರ ಮಾತನಾಡಿದೆ, ಮಾವನ ಹತ್ತಿರ, ಗುರಿಕಾರರ ಹತ್ತಿರ, ದೈವದ ಹತ್ತಿರವೂ. ಎಲ್ಲರನ್ನೂ ಅಷ್ಟು ಹೀನಾಯ ಮಾಡಿ ಬರೆಯುತ್ತಿದ್ದವಳು ನಾನು, ನನ್ನ ಬುದ್ಧಿಗೆ ಎಂತ ಹೇಳುವುದು?

ಸರಸಕ್ಕ ದಿನ ಇಡಲು ಒಪ್ಪಿದಳು, ಮಗಳ ಎದುರು ಬೇರೆ ದಾರಿ ಇರಲಿಲ್ಲ. ನಾನು ಇಡಲು ಬಿಡಲಿಲ್ಲ. ನಾಲ್ಕೂವರೆಯ ಬಸ್ಸಿಗೆ ನಾನೇ ಹತ್ತಿಸಿ ಬಂದೆ.

ಈಗ ನೀನು ಮಾಡಬೇಕಾದ್ದು ಎರಡು. ಆ ಕಾರ್ಕಳದವನ ಕಾಲಿನಿಂದ ಶೂ ಬಿಚ್ಚಿಸಿ ತೊಳೆದು ಹಾಕಿಕೊ, ದೂಮಪ್ಪಣ್ಣ ನೋಡಿದರೆ ನೋಡಲಿ. ಇನ್ನೊಂದು, ಅವಳ ಆಫೀಸಿನ ವಿಳಾಸ ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಅವಳ ಹೆಸರಿಗೆ ಒಂದು ಪತ್ರ ಬರೆ. ನನಗೆ ಅಲ್ಲ, ಅವಳ ತಾಯಿಗೆ ಅಲ್ಲ. ನಾನು ಇಂಥವನು, ಹೀಗೆ ಓಡುತ್ತೇನೆ, ನಿಮಗೆ ಮನಸ್ಸುಂಟಾ ಎಂದು ಕೇಳು. ಅವಳು ಇಲ್ಲ ಎಂದು ಬರೆದರೆ ನಾನು ಯಾರನ್ನೂ ಬೈಯುವುದಿಲ್ಲ. ಹೌದು ಎಂದು ಬರೆದರೆ ಆ ಪತ್ರ ನನಗೂ ಕಳುಹಿಸು, ಒಂದು ಸಲ ಓದಿ ವಾಪಸು ಕೊಡುತ್ತೇನೆ.

ಪುಷ್ಪಾವತಿ